ಗಗನಚುಂಬಿಯ ಫ್ಲ್ಯಾಟೋ, ಬಸವನಗುಡಿಯ ಹಳೆಯ ಮನೆಯೋ?

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಆಸುಪಾಸಿನ ಬಹುಮಹಡಿ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವವರಿಗೆ 2011ರಿಂದ ಓಡುತ್ತಿರುವ ಮೆಟ್ರೊ, ಕಬ್ಬನ್ ಉದ್ಯಾನ ಎರಡೂ ಹತ್ತಿರ; ಆದರೆ ನೆಲದಲ್ಲಿ ಅವರಿಗೆ ದಕ್ಕುವುದು ಅವಿಭಜಿತ ಪಾಲು (ಎಲ್ಲ ಮಾಲೀಕರೊಂದಿಗೆ ಹಂಚಿಕೊಂಡ, ಬೇರ್ಪಡಿಸದ ಭಾಗ) ಮಾತ್ರ, ಲಿಫ್ಟ್, ಜನರೇಟರು, ಕಾವಲು ಸೇರಿದ ನಿರ್ವಹಣಾ ಶುಲ್ಕವಂತೂ ತಿಂಗಳು ತಿಂಗಳೂ ತಪ್ಪದು. 1898ರ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿಯಲ್ಲಿ ಇಡೀ ನಿವೇಶನವೇ ನಿಮ್ಮದಾಗುತ್ತದೆ. ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿ, ಕೆಂಪು ಆಕ್ಸೈಡ್ ನೆಲಗಳಿಂದ ಬೇಸಿಗೆಯಲ್ಲೂ ಒಳಗೆ ತಂಪಿರುತ್ತದೆಯಾದರೂ, ಮಳೆಗಾಲದಲ್ಲಿ ಸೋರುವ ಆ ತಾರಸಿಯನ್ನು ಸುಣ್ಣದ ಗಾರೆಯಿಂದಲೇ ಸರಿಪಡಿಸಬಲ್ಲ ಮೇಸ್ತ್ರಿಗಳು ಈಗ ವಿರಳ. ಫ್ಲ್ಯಾಟಿಗಾದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮತ್ತು ಕಟ್ಟಡ ವಾಸಕ್ಕೆ ಯೋಗ್ಯವೆನ್ನುವ ಸ್ವಾಧೀನಾನುಭವ ಪತ್ರ, ಹಳೆಯ ಮನೆಗಾದರೆ ಮಾಲೀಕರ ವಂಶವೃಕ್ಷ ಮತ್ತು ಆಸ್ತಿಯ ಮೇಲಿನ ಸಾಲ, ಹೊರೆಗಳನ್ನು ತೋರಿಸುವ ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಬೇಕು. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ನನ್ನ ಮತ ಹಳೆಯ ಮನೆಗೇ. ಆಗಾಗ ಊರು ಬಿಡುವವರಿಗೆ ಫ್ಲ್ಯಾಟ್ ಲೇಸು.