ಲೈಟ್ ಮೈ ಫೈರ್: ಯಾವ ಆವೃತ್ತಿ ಕೊಳ್ಳಬೇಕು?

ಅಮೆರಿಕದ ರಾಕ್ ತಂಡ ದಿ ಡೋರ್ಸ್‌ನ ಈ ಹಾಡು 1967ರ ಆಲ್ಬಮ್ಮಿನಲ್ಲಿ ಸುಮಾರು 7 ನಿಮಿಷ. ಬಿಡಿಯಾಗಿ ಬಂದ ಸಿಂಗಲ್ ರೆಕಾರ್ಡಿನಲ್ಲಿ 3 ನಿಮಿಷಕ್ಕೂ ಕಡಿಮೆ. ರೇಡಿಯೊಗೆ ಅಷ್ಟು ಉದ್ದ ಒಗ್ಗದ ಕಾರಣ ನಿರ್ಮಾಪಕ ಪಾಲ್ ರಾತ್‌ಚೈಲ್ಡ್ ನಡುವಿನ ಸೋಲೊಗಳಿಗೇ (ಹಾಡು ನಿಂತು ಒಂದು ವಾದ್ಯವೇ ಮುಂದಾಗಿ ನುಡಿಯುವ ಭಾಗಗಳಿಗೇ) ಕತ್ತರಿ ಹಾಕಿದರು. ಸಿಂಗಲ್ ಬಿಗಿಯಾಗಿದೆ, ನಿಜ. ಆದರೆ ರೇ ಮ್ಯಾಂಜರೆಕ್ ಆರ್ಗನ್ನಿನಲ್ಲಿ ನಿಧಾನವಾಗಿ ಬೆಳೆಸಿ ರಾಬಿ ಕ್ರೀಗರ್ ಗಿಟಾರಿಗೆ ದಾಟಿಸುವ ಆ ಭಾಗವೇ ಹಾಡಿನ ಜೀವಾಳ. ಅದಿಲ್ಲದೆ ಕೇಳಿದರೆ ಅರ್ಧ ಊಟಕ್ಕೇ ಎದ್ದಂತೆ.

ಹಾಗಂತ ಸಿಕ್ಕ ಆಲ್ಬಮ್ ಕೊಳ್ಳಬೇಡಿ. ಹಳೆಯ ಸ್ಟೀರಿಯೊ ಎಲ್‌ಪಿ, ಸಿಡಿಗಳಲ್ಲಿ ಈ ಹಾಡಿನ ವೇಗ ಸುಮಾರು ಶೇ. 3.5ರಷ್ಟು ಕಡಿಮೆ. ಶ್ರುತಿಯೂ ಅರ್ಧ ಸ್ವರಕ್ಕಿಂತ ತುಸು ಕಡಿಮೆ ಇಳಿದಿರುವುದರಿಂದ, ಜೊತೆಗೆ ಗಿಟಾರ್ ನುಡಿಸಿದರೆ ಕೂಡುವುದೇ ಇಲ್ಲ. ಆಲ್ಬಮ್ಮಿನ 40ನೇ ವರ್ಷಕ್ಕೆ ಹೊಸದಾಗಿ ಮಿಕ್ಸ್ ಮಾಡಿ ತಂದ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಗಿದೆ. ಅದನ್ನೇ ಹುಡುಕಿ ಕೊಳ್ಳಿ.