24 ಹಾಸಿಗೆಗೆ ಒಬ್ಬರೇ ಸಿಸ್ಟರ್

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರ ಜನರಲ್ ವಾರ್ಡಿನಲ್ಲಿ ನಮ್ಮವ್ವನ ಜೊತೆ ಎಂಟು ರಾತ್ರಿ ಕಳೆದು ಗದಗಕ್ಕೆ ಮರಳಿದ್ದೇನೆ. ಬಚ್ಚಲಲ್ಲಿ ಜಾರಿ ಬಿದ್ದು ಅವಳ ತೊಡೆಯ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ವೈದ್ಯರು ಕುಳಿತು ಸಮಾಧಾನದಿಂದ ಮಾತನಾಡುತ್ತಾರೆ, ವಾರ್ಡ್ ಸ್ವಚ್ಛವಾಗಿದೆ, ಕ್ಯಾಂಟೀನಿನ ಊಟಕ್ಕೆ ಅಡ್ಡಿಯಿಲ್ಲ. ಆದರೂ ಐದರಲ್ಲಿ ಮೂರೇ ನಕ್ಷತ್ರ ಕೊಡುತ್ತಿದ್ದೇನೆ. ಕಡಿಮೆ ಮಾಡಿದ ಎರಡೂ ನಕ್ಷತ್ರ ಆಡಳಿತದವರ ಪಾಲಿನವು. ಸಿಸ್ಟರ್‌ಗಳಿಗೆ ನನ್ನ ಕಡೆಯಿಂದ ಪೂರ್ತಿ ಐದು.

ನಾನು 31 ವರ್ಷ ಬಸ್ ಡಿಪೋದಲ್ಲಿ ಡ್ಯೂಟಿ ಪಟ್ಟಿ ಹಾಕಿದವನು. ಎಲ್ಲಿ ಹೋದರೂ ಗೋಡೆಯ ಮೇಲಿನ ಪಟ್ಟಿಯತ್ತ ಕಣ್ಣು ಹೋಗುತ್ತದೆ. ಆ ವಾರ್ಡಿನಲ್ಲಿ 24 ಹಾಸಿಗೆ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಒಬ್ಬರೇ ಸಿಸ್ಟರ್, ಜೊತೆಗೊಬ್ಬ ಆಯಾ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬರು ನರ್ಸ್ ಬೇಕು, ರಜೆಗೆಂದು ಶೇ 30ರಷ್ಟು ಹೆಚ್ಚುವರಿ ಸಿಬ್ಬಂದಿಯೂ ಇರಬೇಕು. ಈ ಹೆಚ್ಚುವರಿ ಇಲ್ಲದ ಪಟ್ಟಿಯ ಗತಿ ನನಗೆ ಚೆನ್ನಾಗಿ ಗೊತ್ತು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ವಾರದ ರಜೆ ಹೋಗುತ್ತದೆ. ನಾಲ್ಕು ಸಲ ರಜೆ ಕಳೆದುಕೊಂಡವರು ಕೆಲಸವನ್ನೇ ಬಿಡುತ್ತಾರೆ, ಅವರ ಹೊರೆಯೂ ಉಳಿದವರ ಹೆಗಲಿಗೆ ಬೀಳುತ್ತದೆ.

ಮೂರನೆಯ ರಾತ್ರಿ ಎರಡು ಗಂಟೆ. ಅವ್ವನ ಸಲೈನ್ ಮುಗಿದು ನಳಿಕೆಯಲ್ಲಿ ರಕ್ತ ಮೇಲೇರುತ್ತಿತ್ತು. ಗಂಟೆ ಒತ್ತಿದೆ. ಸಿಸ್ಟರ್ ಆ ಮೂಲೆಯಲ್ಲಿ ಉಸಿರು ಕಟ್ಟಿದ ಹಿರಿಯರೊಬ್ಬರಿಗೆ ಆಮ್ಲಜನಕ ಹಚ್ಚುತ್ತಿದ್ದರು. ಹನ್ನೆರಡು ನಿಮಿಷದ ಮೇಲೆ ಓಡುತ್ತ ಬಂದು, "ತಡವಾಯಿತು ಅಜ್ಜಿ, ತಪ್ಪು ತಿಳಿಯಬೇಡಿ" ಎಂದರು. ಸೂಜಿ ಬದಲಿಸುವ ಮೊದಲು ಅವ್ವನ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದರು. "ಊಟ ಮಾಡಿದೆಯೇನವ್ವಾ?" ಎಂದು ಅವ್ವ ಕೇಳಿದಳು. ಮೇಜಿನ ಮೇಲೆ ಡಬ್ಬಿ ಮುಚ್ಚಿದಂತೆಯೇ ಇತ್ತು. ನಾಲ್ಕೂವರೆಗೆ ಅವರು ರೊಟ್ಟಿಯನ್ನು ಸುರುಳಿ ಸುತ್ತಿ ಎಡಗೈಯಲ್ಲಿ ಹಿಡಿದು, ನಿಂತೇ ತಿನ್ನುತ್ತ, ಬಲಗೈಯಲ್ಲಿ ರಿಪೋರ್ಟ್ ಬರೆಯುತ್ತಿದ್ದರು.

ಕಾಲುಗಳ ನಡುವೆ ದಿಂಬಿಟ್ಟು ಅವ್ವನನ್ನು ಮಗ್ಗಲಿಗೆ ಹೊರಳಿಸುವುದನ್ನು ನನಗೆ ಕಲಿಸಿದವರೂ ಅವರೇ. ಆರನೆಯ ದಿನ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟರು. ನಾಲ್ಕು ವರ್ಷದ ಅನುಭವಕ್ಕೆ ಇಲ್ಲಿ ತಿಂಗಳಿಗೆ 14,000 ರೂಪಾಯಿ. ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯು 2016ರಲ್ಲೇ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಇದು ಅದಕ್ಕಿಂತ ಬಹಳ ದೊಡ್ಡ ಆಸ್ಪತ್ರೆ. ನಮ್ಮ ಬಿಲ್ಲಿನಲ್ಲಿ ನರ್ಸಿಂಗ್ ಶುಲ್ಕವೆಂದೇ ದಿನಕ್ಕೆ 450 ರೂಪಾಯಿ ಹಿಡಿದಿದ್ದಾರೆ. ಹಾಸಿಗೆಗಳೆಲ್ಲ ತುಂಬಿದ ಆ ವಾರ್ಡಿನಿಂದ ಎರಡು ದಿನಕ್ಕೆ ಬರುವ ಶುಲ್ಕ ಆ ಸಿಸ್ಟರ್‌ನ ತಿಂಗಳ ಸಂಬಳವನ್ನು ಮೀರುತ್ತದೆ.

ಅವರ ಜಾಗಕ್ಕೆ ಆಗಷ್ಟೇ ಕೋರ್ಸ್ ಮುಗಿಸಿದ ಹುಡುಗಿಯನ್ನು ಒಬ್ಬಳನ್ನೇ ರಾತ್ರಿಗೆ ಹಾಕಿದರು. ಪಾಪ, ಕೈ ನಡುಗುತ್ತಿತ್ತು. ಆ ರಾತ್ರಿ ನಾನೂ ನಿದ್ದೆ ಹೋದೆ, ಅವ್ವನನ್ನು ಮಗ್ಗಲಿಗೆ ಹೊರಳಿಸುವವರಿರಲಿಲ್ಲ. ಬೆಳಿಗ್ಗೆ ನೋಡಿದರೆ ಅವ್ವನ ಬೆನ್ನ ಕೆಳಗೆ ಚರ್ಮ ಕೆಂಪಾಗಿತ್ತು.

ವ್ಯವಸ್ಥಾಪಕರಿಗೆ ಹೇಳಿದೆ. "ಸಿಸ್ಟರ್‌ಗಳೇ ಸಿಗುವುದಿಲ್ಲ ಸರ್" ಎಂದರು. ಹುಬ್ಬಳ್ಳಿ, ಧಾರವಾಡ, ಗದಗದ ನರ್ಸಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಮಕ್ಕಳು ಹೊರಬರುತ್ತಾರೆ. ಬಂದವರನ್ನು ಉಳಿಸಿಕೊಳ್ಳುವುದು ಸಂಬಳದಿಂದ, ತಿಂಗಳ ಮೊದಲೇ ಕೈಗೆ ಸಿಗುವ ಪಟ್ಟಿಯಿಂದ, ಕೊಟ್ಟ ರಜೆಯನ್ನು ಕಸಿಯದಿರುವುದರಿಂದ. ಈ ಆಸ್ಪತ್ರೆ ಸಿಸ್ಟರ್‌ಗಳ ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿಟ್ಟುಕೊಂಡು ಉಳಿಸಿಕೊಳ್ಳಲು ನೋಡುತ್ತದೆ ಎಂದು ಆಯಾ ಹೇಳಿದಾಗ ಹೊಟ್ಟೆ ಉರಿಯಿತು.

ಮೂಳೆಯ ಚಿಕಿತ್ಸೆಗೆ ಹೋಗುವವರು ಧೈರ್ಯವಾಗಿ ಹೋಗಿ. ರಾತ್ರಿ ಎಚ್ಚರವಿರಬಲ್ಲ ಇಬ್ಬರು ಸರದಿಯಲ್ಲಿ ಜೊತೆಗಿರಲಿ. ಹೊಲಿಗೆ ಬಿಚ್ಚಿಸಲು ಬರುವ ಸೋಮವಾರ ನಾವು ಮತ್ತೆ ಹೋಗಬೇಕು. ಆ 24 ಹಾಸಿಗೆಗೆ, ಮೂರು ಪಾಳಿ, ವಾರದ ರಜೆ, ರಾತ್ರಿಗೆ ಕನಿಷ್ಠ ಮೂವರು ಎಂದು ಗೆರೆ ಹೊಡೆದ ಹಾಳೆಯಲ್ಲಿ ಒಂದು ತಿಂಗಳ ಪಟ್ಟಿ ಬರೆದಿಟ್ಟಿದ್ದೇನೆ. ವ್ಯವಸ್ಥಾಪಕರ ಕೈಗೇ ಕೊಡುತ್ತೇನೆ.