ಮಾರ್ಸೇ ಇತಿಹಾಸ ವಸ್ತುಸಂಗ್ರಹಾಲಯ: ಹೊಲಿದ ದೋಣಿಯ ಮುಂದೆ ಅರ್ಧ ದಿನ

ಫ್ರಾನ್ಸಿನ ಮಾರ್ಸೇ ನಗರದ ಇತಿಹಾಸ ವಸ್ತುಸಂಗ್ರಹಾಲಯ ಇರುವುದು ಹಳೆಯ ಬಂದರಿನ ಸಮೀಪದ ಒಂದು ಶಾಪಿಂಗ್ ಮಾಲ್‌ನಲ್ಲಿ. ಆ ಮಾಲ್ ಕಟ್ಟಲು 1967ರಲ್ಲಿ ನೆಲ ಅಗೆದಾಗ ಗ್ರೀಕರ ಕಾಲದ ಕೋಟೆಗೋಡೆ ಹೊರಬಿತ್ತು. 1974ರಲ್ಲಿ ಅಲ್ಲಿಯೇ ಹೂಳಿನೊಳಗೆ ರೋಮನ್ ಕಾಲದ ಸರಕು ಹಡಗೊಂದು ಸಿಕ್ಕಿತು. ಆದ್ದರಿಂದ ಮೊದಲು ಹೊರಗಿನ ಉತ್ಖನನ ತಾಣವನ್ನು ನೋಡಿ ಒಳಗೆ ಹೋಗುವುದು ಒಳ್ಳೆಯದು. ಹುಲ್ಲು ಬೆಳೆದಿರುವ ಆ ತಗ್ಗಿನಲ್ಲಿ ಒಂದು ಕಾಲಕ್ಕೆ ಹಡಗುಗಳು ತಂಗುತ್ತಿದ್ದವೆಂದು ಮನಗಂಡ ಮೇಲೆ ಒಳಗಿನ ಹಲಗೆಗಳನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ರೋಮನ್ ಹಡಗು ದೊಡ್ಡದು, ಎಲ್ಲರೂ ಅದರ ಮುಂದೆಯೇ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ 1992–93ರಲ್ಲಿ ಜೂಲ್ಸ್ ವೆರ್ನ್ ಚೌಕದ ಉತ್ಖನನದಲ್ಲಿ ದೊರೆತ, ಕ್ರಿ.ಪೂ. 6ನೆಯ ಶತಮಾನದ ಎರಡು ಗ್ರೀಕ್ ನೌಕೆಗಳು. ಚಿಕ್ಕದರಲ್ಲಿ ಹಲಗೆಗಳನ್ನು ಮೊಳೆಯಿಂದ ಬಿಗಿದಿಲ್ಲ, ಅಗಸೆನಾರಿನ ಹುರಿಯಿಂದ ಹೊಲಿದಿದ್ದಾರೆ. ಹತ್ತಿರ ಬಗ್ಗಿ ನೋಡಿದರೆ ಹಲಗೆಯ ಅಂಚಿನುದ್ದಕ್ಕೂ ಮುಮ್ಮೂಲೆಯ ಸಣ್ಣ ಗುಳಿಗಳು, ಅವುಗಳಿಂದ ಓರೆಯಾಗಿ ಕೊರೆದ ತೂತುಗಳು, ಹುರಿ ಸಡಿಲವಾಗದಂತೆ ತೂತಿಗೆ ಬಡಿದ ಮರದ ಬೆಣೆಗಳು ಕಾಣುತ್ತವೆ. ಒಳಮೈಗೆ ಬಳಿದ ರಾಳದಲ್ಲಿ ಕೆಂಪು ಹವಳದ ಚೂರುಗಳು ಸಿಕ್ಕಿದ್ದರಿಂದ ಅದು ಹವಳ ತೆಗೆಯಲು ಹೋಗುತ್ತಿದ್ದ ದೋಣಿಯೆಂದು ತಿಳಿದುಬಂತು. ಪಕ್ಕದ ದೊಡ್ಡ ನೌಕೆಯಲ್ಲಿ ಹಲಗೆಗಳ ಅಂಚಿನಲ್ಲಿ ಗೂಡು ಕೊರೆದು, ಮರದ ನಾಲಗೆ ಕೂರಿಸಿ ಜೋಡಿಸಿದ್ದಾರೆ. ಹೊಲಿಗೆ ಉಳಿದಿರುವುದು ತುದಿಗಳಲ್ಲಿ ಮತ್ತು ರಿಪೇರಿ ಮಾಡಿದ ಕಡೆಗಳಲ್ಲಿ ಮಾತ್ರ. ಒಂದು ಕಸುಬು ಇನ್ನೊಂದಕ್ಕೆ ದಾರಿ ಬಿಟ್ಟುಕೊಡುತ್ತಿದ್ದ ಹೊತ್ತು ಹೀಗೆ ಅಕ್ಕಪಕ್ಕದಲ್ಲಿ ಕಾಣಸಿಗುವುದು ಅಪರೂಪ.

ಗಾಳಿಯಾಡದ ಕೆಸರಿನಲ್ಲಿ ಹೂತಿದ್ದರಿಂದ ಈ ಮರ ಉಳಿಯಿತು. ಹೊರತೆಗೆದು ಸುಮ್ಮನೆ ಒಣಗಿಸಿದ್ದರೆ ಕುಗ್ಗಿ ಸೀಳಿಹೋಗುತ್ತಿತ್ತು.

ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲೂ ಓಡಾಡುತ್ತಿದ್ದವು; 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಅದೇ ವಿದ್ಯೆಯಿಂದ ಕಟ್ಟಿದ ಹಡಗು. ಮಾರ್ಸೇಯಲ್ಲಿಯೂ ಹವಳದ ದೋಣಿಯ ಮಾದರಿಯಲ್ಲಿ ‘ಜಿಪ್ಟಿಸ್’ ಎಂಬ ನೌಕೆಯನ್ನು ಹೊಲಿದು 2013ರಲ್ಲಿ ನೀರಿಗಿಳಿಸಿದರು. ಕರಾವಳಿಯ ಓದುಗರು ಯಾರಾದರೂ ಆ ಕಡೆ ಹೋದರೆ ಈ ಸಂಗ್ರಹಾಲಯಕ್ಕೆ ಕನಿಷ್ಠ ಅರ್ಧ ದಿನ ಮೀಸಲಿಡಿ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಹಿಂತಿರುಗುವಾಗ ಪುರಭವನದ ಹಿಂದಿರುವ ಜೂಲ್ಸ್ ವೆರ್ನ್ ಚೌಕಕ್ಕೂ ಹೋಗಿ, ಅಲ್ಲಿಂದ ಇಂದಿನ ದಕ್ಕೆಯವರೆಗೆ ನಡೆದು ನೋಡಿ. ಊರು ಎಷ್ಟು ನೀರನ್ನು ನೆಲ ಮಾಡಿಕೊಂಡಿದೆಯೆಂಬುದು ಹೆಜ್ಜೆಯ ಲೆಕ್ಕದಲ್ಲಿಯೇ ತಿಳಿಯುತ್ತದೆ.